ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ಆಮೇಲೆ ಕೇಳಿ

ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನ ಲಿಫ್ಟಿನಲ್ಲಾಗಲಿ, ಕನ್ನಡ ಸಂಘದ ಊಟದ ಪಂಕ್ತಿಯಲ್ಲಾಗಲಿ, ಜನ ನನ್ನ ಹತ್ತಿರ ಕೇಳುವುದು ಒಂದೇ. "ಮಗನಿಗೆ ಗೇಮಿಂಗ್ ಕಂಪ್ಯೂಟರ್ ಬೇಕಂತೆ ಮಾರಾಯ. ಈಗ ಜಾಸ್ತಿ ದುಡ್ಡಿಲ್ಲ, ಮುಂದೆ ಅಪ್‌ಗ್ರೇಡ್ ಮಾಡುವ ಹಾಗಿರಬೇಕು. ಯಾವ ಗ್ರಾಫಿಕ್ಸ್ ಕಾರ್ಡ್ ಹಾಕಿಸಲಿ?"

ಮೊದಲು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಹಂಚುವ ಡಬ್ಬಿ, ಯಾವುದು ಅಂತ ಹೇಳಿ ಅನ್ನುತ್ತೇನೆ. ಮುಖ ಸಪ್ಪಗಾಗುತ್ತದೆ. ಪಾಯಸದ ಬಗ್ಗೆ ಕೇಳಿದರೆ ಗ್ಯಾಸ್ ಸಿಲಿಂಡರ್ ಬಗ್ಗೆ ಹೇಳುತ್ತಾನಲ್ಲ ಇವನು ಅಂತ.

ನನಗೂ ಇದು ಸುಟ್ಟ ಮೇಲೆಯೇ ಗೊತ್ತಾದದ್ದು. ನನ್ನ ಮೊದಲ ಕ್ಯಾಬಿನೆಟ್ ಜೊತೆ ಎಸ್‌ಎಂಪಿಎಸ್ ಫ್ರೀ ಬಂದಿತ್ತು. ಮೇಲೆ ದಪ್ಪ ಅಕ್ಷರದಲ್ಲಿ 500 ವಾಟ್. ಎರಡು ವರ್ಷ ಏನೂ ತೊಂದರೆ ಕೊಡಲಿಲ್ಲ. ಆಮೇಲೆ ಒಳ್ಳೆಯ ಕಾರ್ಡ್ ಹಾಕಿದೆ. ಗೇಮ್ ಲೋಡ್ ಆಗುತ್ತಿದ್ದ ಹಾಗೆ ಮಷಿನ್ ಆಫ್. ಕಾರ್ಡನ್ನು ಬೈದೆ, ಸುಮ್ನೆ ಎರಡು ಸಲ ವಿಂಡೋಸ್ ಹಾಕಿದೆ. ಒಂದು ಸಂಜೆ ಟಪ್ ಅಂತು, ಸುಟ್ಟ ವಾಸನೆ ಬಂತು. ಮದರ್‌ಬೋರ್ಡ್ ಕೂಡ ಅದರ ಹಿಂದೆಯೇ ಹೋಯಿತು.

ಎಸ್‌ಎಂಪಿಎಸ್ ಬಿಚ್ಚಿ ಕೈಯಲ್ಲಿ ಹಿಡಿದಾಗಲೇ ಸ್ಟಿಕ್ಕರಿನ ಸಣ್ಣ ಅಕ್ಷರ ಓದಿದ್ದು. 12 ವೋಲ್ಟ್ ಲೈನಿನ ಎದುರು 20 ಆಂಪಿಯರ್ ಅಂತಿತ್ತು. ಗುಣಿಸಿ ನೋಡಿ, 240 ವಾಟ್. ಪ್ರೊಸೆಸರ್ ಮತ್ತು ಕಾರ್ಡ್ ಮುಖ್ಯವಾಗಿ ಎಳೆಯುವುದು ಆ ಲೈನಿನಿಂದಲೇ. ಉಳಿದ ವಾಟ್‌ಗಳು ಬರೀ ದಪ್ಪ ಅಕ್ಷರದಲ್ಲಿದ್ದವು.

ಅದಕ್ಕೇ ಅಂಗಡಿಯಲ್ಲಿ ಡಬ್ಬಿ ತಿರುಗಿಸಿ ಆ ಸಾಲು ನೋಡಿ. 550 ಅಥವಾ 650 ವಾಟ್‌ನದ್ದು ಸಾಕು, ಆದರೆ ಅದರಲ್ಲಿ ಹೆಚ್ಚುಕಡಿಮೆ ಪೂರ್ತಿ 12 ವೋಲ್ಟ್‌ನಲ್ಲೇ ಸಿಗಬೇಕು. 80 ಪ್ಲಸ್ ಮುದ್ರೆ ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದಕ್ಕೆ ಮಾತ್ರ. ನಾನು ವಾರಂಟಿ ನೋಡುತ್ತೇನೆ. ಐದು ವರ್ಷಕ್ಕಿಂತ ಕಡಿಮೆ ಇದ್ದರೆ ಬೇಡ.

ಇನ್ನು ಮದರ್‌ಬೋರ್ಡ್, ಎಲ್ಲ ಭಾಗಗಳೂ ಕೂರುವ ಹಲಗೆ. ಮುಂದೆ ಪ್ರೊಸೆಸರ್ ಬದಲಿಸಬಹುದೋ ಇಲ್ಲವೋ ಅನ್ನುವುದು ಸಾಕೆಟ್, ಅಂದರೆ ಅದರಲ್ಲಿ ಪ್ರೊಸೆಸರ್ ಕೂರುವ ಗೂಡು, ಅದರ ಕೈಯಲ್ಲಿದೆ. 2017ರಲ್ಲಿ ಎಎಂಡಿಯ ಎಎಂ4 ಸಾಕೆಟ್ಟಿನ ಬೋರ್ಡ್ ಕೊಂಡ ಎಷ್ಟೋ ಜನ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅದರಲ್ಲೇ 2022ರ ರೈಜನ್ 5800ಎಕ್ಸ್3ಡಿ ಪ್ರೊಸೆಸರ್ ಕೂರಿಸಿದರು. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ ಮೂರು ಪೀಳಿಗೆಯ ಪ್ರೊಸೆಸರ್‌ಗೆ ಮುಗಿಯಿತು, 2024ರಲ್ಲಿ ಹೊಸ ಸಾಕೆಟ್ ಬಂತು. ಹಾಗಾಗಿ ನನ್ನ ಮತ ಎಎಂಡಿಯ ಎಎಂ5 ಸಾಕೆಟ್ಟಿಗೆ. 2022ರಲ್ಲಿ ಬಂದದ್ದು, ಕನಿಷ್ಠ 2027ರವರೆಗೆ ಮುಂದುವರಿಸುತ್ತೇವೆ ಅಂತ ಕಂಪನಿಯೇ ಹೇಳಿದೆ. ಡಿಡಿಆರ್5 ಅನ್ನುವ ಹೊಸ ಬಗೆಯ ರ‍್ಯಾಮ್ ಮಾತ್ರ ಹಿಡಿಯುತ್ತದೆ, ಅಲ್ಲಿ ಜೇಬಿಗೆ ಕತ್ತರಿ.

ರ‍್ಯಾಮ್ ವಿಷಯದಲ್ಲಿ ತಿಳಿದವರು ನನ್ನನ್ನು ಬೈಯುತ್ತಾರೆ. ಎರಡೇ ಸ್ಲಾಟ್ ಇರುವ ಬೋರ್ಡಾದರೆ 8 ಜಿಬಿಯ ಎರಡು ಬೇಡ, 16ರ ಒಂದೇ ಸ್ಟಿಕ್ ಹಾಕಿ ಅನ್ನುತ್ತೇನೆ. ಒಂದೇ ಇದ್ದರೆ ಗೇಮ್ ಸ್ವಲ್ಪ ನಿಧಾನ, ನಿಜ. ಆದರೆ ಮುಂದೆ ಅಂಥದ್ದೇ ಇನ್ನೊಂದು ಪಕ್ಕದಲ್ಲಿ ಕೂರಿಸಿದರೆ ಆಯಿತು. ಎರಡು 8 ಹಾಕಿದರೆ ಆವತ್ತು ಎರಡನ್ನೂ ತೆಗೆಯಬೇಕು.

ಈಗ ಕಾರ್ಡ್. 1080ಪಿ (ಫುಲ್ ಎಚ್‌ಡಿ) ಮಾನಿಟರ್ ಆದರೆ 8 ಜಿಬಿ ಮೆಮೊರಿಯದ್ದು ಸಾಕು, ಅದಕ್ಕಿಂತ ಕಡಿಮೆ ಬೇಡ. ಆರ್‌ಎಕ್ಸ್ 6600 ಅಂಥದ್ದು, 132 ವಾಟ್‌ನಲ್ಲಿ ಓಡುತ್ತದೆ. ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ, ಕಣ್ಣೆದುರು ಅರ್ಧ ಗಂಟೆ ಗೇಮ್ ಓಡಿಸಿ ತೋರಿಸಲಿ. ದುಡ್ಡು ಅಷ್ಟರಲ್ಲಿ ಮುಗಿದಿದ್ದರೆ ಕಾರ್ಡೇ ಬೇಡ. ಎಎಂ5ರಲ್ಲಿ ಕೂರುವ ರೈಜನ್ 7600 ಪ್ರೊಸೆಸರ್‌ನ ಒಳಗೇ ಚಿಕ್ಕ ಗ್ರಾಫಿಕ್ಸ್ ಇದೆ. ಹುಡುಗ ಹಳೆಯ ಗೇಮ್ ಆಡುತ್ತಿರಲಿ, ಕಾರ್ಡ್ ದೀಪಾವಳಿ ಬೋನಸ್‌ಗೆ. 7500ಎಫ್ ಪ್ರೊಸೆಸರ್ ಮಾತ್ರ ತರಬೇಡಿ, ಅದರಲ್ಲಿ ಗ್ರಾಫಿಕ್ಸ್ ಇಲ್ಲ, ಕಾರ್ಡ್ ಬರುವವರೆಗೆ ಪರದೆ ಕಪ್ಪು.

ಮುಂಬೈಯ ಕಂಪ್ಯೂಟರ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡಿಗೆ ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿಗೆ ರಜೆ. ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡಿನಲ್ಲಿ ಇಳಿಯಿರಿ. ಅಲ್ಲೇ ಜೋಡಿಸಿಕೊಡುತ್ತೇವೆ ಅಂದರೂ ಬೇಡ ಅನ್ನಿ, ಬಿಡಿಬಿಡಿಯಾಗಿ ಚೀಲದಲ್ಲಿ ತನ್ನಿ. ಜೋಡಿಸಿದ ಗಾಜಿನ ಕ್ಯಾಬಿನೆಟ್ಟನ್ನು ನಾನು ಒಮ್ಮೆ ಸಂಜೆ ಆರೂವರೆಯ ಲೋಕಲ್‌ನಲ್ಲಿ ತಂದಿದ್ದೇನೆ. ಠಾಣೆವರೆಗೆ ಒಬ್ಬರು ಅದರ ಮೇಲೆ ಮೊಣಕೈ ಊರಿ ನಿದ್ದೆ ಮಾಡಿದರು.