ಮೂವತ್ತಮೂರು ಇನ್ನಿಂಗ್ಸ್ ನಡೆದ ಊರಿನಲ್ಲಿ

ಅಮೆರಿಕದ ಬಾಸ್ಟನ್‌ನಿಂದ ದಕ್ಷಿಣಕ್ಕೆ ಕಾರಿನಲ್ಲಿ ಸುಮಾರು ಒಂದು ಗಂಟೆ ಹೋದರೆ ರೋಡ್ ಐಲ್ಯಾಂಡ್ ರಾಜ್ಯದ ಪಾಟಕೆಟ್ ಸಿಗುತ್ತದೆ. ಬ್ಲ್ಯಾಕ್‌ಸ್ಟೋನ್ ನದಿ ದಂಡೆಯ ಹಳೇ ಗಿರಣಿ ಊರು. ನೀರಿನ ಬಲದಿಂದ ಹತ್ತಿ ನೂಲಿದ 1793ರ ಸ್ಲೇಟರ್ ಗಿರಣಿ ಇನ್ನೂ ನಿಂತಿದೆ. ಅದನ್ನು ನೋಡೋಕೆ ಅರ್ಧ ಗಂಟೆ ಸಾಕಾಯಿತು. 2019ರ ಬೇಸಿಗೆಯಲ್ಲಿ ನಾವು ಅಲ್ಲಿಗೆ ಹೋಗಿದ್ದು ಬೇಸ್‌ಬಾಲ್‌ಗಾಗಿ.

"ಮಾವ, ಬಾಸ್ಟನ್ ರೆಡ್ ಸಾಕ್ಸ್ ಆಟ ಟಿವಿಯಲ್ಲಿ ಯಾವಾಗ ಬೇಕಾದ್ರೂ ನೋಡಬಹುದು. ಮೆಕಾಯ್ ಸ್ಟೇಡಿಯಂ ಇನ್ನು ಜಾಸ್ತಿ ದಿನ ಇರಲ್ಲ, ಈಗಲೇ ನೋಡಿಬಿಡಿ" ಅಂದಿದ್ದ ಅಕ್ಕನ ಮಗ.

ಅಲ್ಲಿನ ಪಾಟಕೆಟ್ ರೆಡ್ ಸಾಕ್ಸ್ ಅನ್ನೋದು ದೊಡ್ಡ ಲೀಗ್‌ಗಿಂತ (ಮೇಜರ್ ಲೀಗ್) ಒಂದೇ ಮೆಟ್ಟಿಲು ಕೆಳಗಿನ ತಂಡವಾಗಿತ್ತು. ಇಲ್ಲಿ ಚೆನ್ನಾಗಿ ಆಡಿದವನಿಗೆ ಬಾಸ್ಟನ್‌ನಿಂದ ಕರೆ ಬರುತ್ತಿತ್ತು. ರಣಜಿಯಲ್ಲಿ ವರ್ಷಗಟ್ಟಲೆ ರನ್ ಹೊಡೆದು ಇಂಡಿಯಾ ಕ್ಯಾಪಿಗಾಗಿ ಕಾಯುವ ಹುಡುಗರನ್ನು ನೆನಪಿಸಿಕೊಂಡರೆ ಇವರ ಪಾಡು ಅರ್ಥವಾಗುತ್ತದೆ.

ಈ ತಂಡದ ಮೈದಾನ ಮೆಕಾಯ್, 1942ರಲ್ಲಿ ಶುರುವಾದ ಸ್ಟೇಡಿಯಂ. ಡಗೌಟ್, ಅಂದರೆ ಆಟಗಾರರು ಕೂರುವ ಜಾಗ, ಪ್ರೇಕ್ಷಕರ ಸೀಟುಗಳ ಕೆಳಗೇ ಇತ್ತು. ಮೇಲಿಂದ ಬಗ್ಗಿದರೂ ಆಟಗಾರರ ಮುಖ ಕಾಣುತ್ತಿರಲಿಲ್ಲ. ಹಾಗಾಗಿ ಮಕ್ಕಳು ಹಾಲಿನ ಪ್ಲಾಸ್ಟಿಕ್ ಕ್ಯಾನಿನ ಒಂದು ಬದಿ ಕತ್ತರಿಸಿ, ಒಳಗೆ ಚೆಂಡು ಮತ್ತು ಪೆನ್ನು ಇಟ್ಟು, ಹಗ್ಗ ಕಟ್ಟಿ ಕೆಳಗೆ ಬಿಡುತ್ತಿದ್ದರು. ನನ್ನ ಪಕ್ಕದಲ್ಲಿದ್ದ ಪುಟ್ಟ ಹುಡುಗಿ ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡು, ಉಸಿರು ಬಿಗಿಹಿಡಿದು ನಿಂತಿದ್ದಳು. ಕೆಳಗಿನಿಂದ ಯಾರೋ ಹಗ್ಗ ಜಗ್ಗಿದರು. ಮೇಲೆಳೆದರೆ ಚೆಂಡಿನ ಮೇಲೆ ನೀಲಿ ಶಾಯಿಯ ಸಹಿ! ಅವಳು ಅದನ್ನು ಒರೆಸಿಹೋಗದ ಹಾಗೆ ಎರಡೇ ಬೆರಳಲ್ಲಿ ಹಿಡಿದು ಅಮ್ಮನ ಹತ್ತಿರ ಓಡಿದಳು. ಸಹಿ ಯಾರದ್ದು ಅಂತ ಅವಳಿಗೂ ಗೊತ್ತಿರಲಿಲ್ಲ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು 1981ರ ಸೀಸನ್ ಬಗ್ಗೆ ಮಾತು ತೆಗೆದರು. ಆ ವರ್ಷ ಪಾಟಕೆಟ್ ಆಡುತ್ತಿದ್ದ ಇಂಟರ್‌ನ್ಯಾಷನಲ್ ಲೀಗ್‌ನ ಕಪ್ ಗೆದ್ದಿದ್ದು ಕೊಲಂಬಸ್. ಆದರೆ ಕಪ್ಪಿನ ಮಾತು ಈಗ ಯಾರೂ ಆಡಲ್ಲ. ಆಡೋದೆಲ್ಲ ಏಪ್ರಿಲ್ 18ರ ರಾತ್ರಿ ಇದೇ ಮೈದಾನದಲ್ಲಿ ನಡೆದ ಆಟದ ಮಾತು.

ಎದುರಾಳಿ ರಾಚೆಸ್ಟರ್ ರೆಡ್ ವಿಂಗ್ಸ್. ಮರುದಿನ ಈಸ್ಟರ್. ಬೇಸ್‌ಬಾಲ್‌ನಲ್ಲಿ ಒಂಬತ್ತು ಇನ್ನಿಂಗ್ಸ್; ಸಮವಾದರೆ ತೀರ್ಮಾನವಾಗುವ ತನಕ ಆಡಬೇಕು. ಒಂಬತ್ತಕ್ಕೆ 1-1. ಇಪ್ಪತ್ತೊಂದನೇ ಇನ್ನಿಂಗ್ಸಿನಲ್ಲಿ ರಾಚೆಸ್ಟರ್ ಒಂದು ರನ್ ಹೊಡೆಯಿತು, ಪಾಟಕೆಟ್‌ನ ವೇಡ್ ಬಾಗ್ಸ್ ಅದನ್ನೂ ಸರಿಗಟ್ಟಿದ. ರಾತ್ರಿ 12:50ರ ಮೇಲೆ ಹೊಸ ಇನ್ನಿಂಗ್ಸ್ ಶುರುಮಾಡಬಾರದು ಅಂತ ಲೀಗ್‌ನಲ್ಲಿ ನಿಯಮವಿತ್ತು. ಅಂಪೈರ್ ಕೈಲಿದ್ದ ಪುಸ್ತಕದಲ್ಲಿ ಮಾತ್ರ ಅದು ಅಚ್ಚಾಗಿರಲಿಲ್ಲ. ಆಟ ನಡೆದೇ ನಡೆಯಿತು. ಚಳಿ ತಡೆಯಲಾರದೆ ಆಟಗಾರರು ಮುರಿದ ಬ್ಯಾಟುಗಳನ್ನೇ ಡ್ರಮ್ಮಿಗೆ ಹಾಕಿ ಬೆಂಕಿ ಕಾಯಿಸಿದರು. ಪಾಟಕೆಟ್‌ನ ಪಿಚರ್ (ಚೆಂಡು ಎಸೆಯುವವ) ಲೂಯಿಸ್ ಅಪಾಂಟೆ ಬೆಳಗಿನ ಜಾವ ಮನೆಗೆ ಹೋದಾಗ, ಇಷ್ಟು ಹೊತ್ತು ಆಟ ನಡೀತು ಅಂದರೆ ಹೆಂಡತಿ ನಂಬಲೇ ಇಲ್ಲವಂತೆ.

ಕೊನೆಗೆ ಲೀಗ್ ಅಧ್ಯಕ್ಷರಿಗೆ ಫೋನ್ ಸಿಕ್ಕಿ, ಬೆಳಗ್ಗೆ 4:07ಕ್ಕೆ ಆಟ ನಿಂತಿತು. ಮೂವತ್ತೆರಡು ಇನ್ನಿಂಗ್ಸ್, 2-2. ಸೀಟಿನಲ್ಲಿ ಉಳಿದಿದ್ದವರು 19 ಜನ.

"ನೀವೂ ಇದ್ರಾ?" ಅಂತ ಕೇಳಿದೆ. "ಇಲ್ಲ, ಮನೆಯಲ್ಲಿ ನಿದ್ದೆ ಹೊಡೀತಿದ್ದೆ. ಜೂನ್‌ನಲ್ಲಿ ಬಂದಿದ್ದೆ" ಅಂದರು. ಅವರ ಆ ನೇರ ಮಾತು ನನಗೆ ಬಹಳ ಹಿಡಿಸಿತು.

ಆಟ ಮುಂದುವರಿದಿದ್ದು ಜೂನ್ 23ಕ್ಕೆ. ಆಗ ದೊಡ್ಡ ಲೀಗ್ ಆಟಗಾರರು ಮುಷ್ಕರ ಹೂಡಿದ್ದರಿಂದ ದೇಶದ ಪತ್ರಕರ್ತರೆಲ್ಲ ಈ ಪುಟ್ಟ ಊರಿಗೆ ಬಂದಿದ್ದರು. ಮುಗಿಯೋಕೆ ಬೇಕಾಗಿದ್ದು ಹದಿನೆಂಟೇ ನಿಮಿಷ. ಮೂವತ್ತಮೂರನೇ ಇನ್ನಿಂಗ್ಸಿನಲ್ಲಿ ಪಾಟಕೆಟ್‌ನ ಡೇವ್ ಕೋಜಾ ಹೊಡೆದ, ಮೂರನೇ ಬೇಸ್‌ನಲ್ಲಿದ್ದ ಮಾರ್ಟಿ ಬ್ಯಾರೆಟ್ ಓಡಿ ಹೋಮ್ ಬೇಸ್ ಮುಟ್ಟಿ ರನ್ ಗಳಿಸಿದ. 3-2. ಒಟ್ಟು ಎಂಟು ಗಂಟೆ ಇಪ್ಪತ್ತೈದು ನಿಮಿಷ. ವೃತ್ತಿಪರ ಬೇಸ್‌ಬಾಲ್‌ನಲ್ಲಿ ಇದಕ್ಕಿಂತ ಉದ್ದದ ಆಟ ಇನ್ನೊಂದಿಲ್ಲ.

ಅಂದು ಪಾಟಕೆಟ್‌ಗೆ ಆಡಿದ ಬಾಗ್ಸ್, ರಾಚೆಸ್ಟರ್‌ಗೆ ಆಡಿದ ಕ್ಯಾಲ್ ರಿಪ್ಕೆನ್ ಇಬ್ಬರೂ ಮುಂದೆ ಬೇಸ್‌ಬಾಲ್ ದಿಗ್ಗಜರಿಗೆ ಸಲ್ಲುವ ಹಾಲ್ ಆಫ್ ಫೇಮ್ ಗೌರವ ಪಡೆದರು. ರಿಪ್ಕೆನ್ ಅಂತೂ ದೊಡ್ಡ ಲೀಗ್‌ನಲ್ಲಿ ಒಂದೂ ತಪ್ಪಿಸದೆ ಸತತ 2,632 ಪಂದ್ಯ ಆಡಿದ. ಗೆಲುವಿನ ಹೊಡೆತ ಹೊಡೆದ ಕೋಜಾಗೆ ಮಾತ್ರ ದೊಡ್ಡ ಲೀಗ್‌ನಲ್ಲಿ ಒಂದೇ ಒಂದು ಪಂದ್ಯವೂ ಸಿಗಲಿಲ್ಲ. ಇದನ್ನು ಕೇಳಿದ ಮೇಲೆ ನಮ್ಮೆದುರು ಮೈದಾನಕ್ಕಿಳಿದ ಒಬ್ಬೊಬ್ಬ ಹುಡುಗನನ್ನೂ ನಾನು ಬೇರೆ ಕಣ್ಣಿನಿಂದ ನೋಡಿದೆ. ಇವರಲ್ಲಿ ಯಾರಿಗೆ ಕರೆ ಬರುತ್ತೋ, ಯಾರಿಗೆ ಬರಲ್ಲವೋ! ಬ್ಯಾಟ್ ಹಿಡಿದವನು ಯಾರೇ ಆಗಲಿ, ಅವನಿಗೆ ಚಪ್ಪಾಳೆ ತಟ್ಟಿದೆ.

2020ರಲ್ಲಿ ಕೋವಿಡ್‌ನಿಂದ ಸೀಸನ್ನೇ ನಡೆಯಲಿಲ್ಲ. 2021ರಲ್ಲಿ ತಂಡ ಮ್ಯಾಸಚೂಸೆಟ್ಸ್‌ನ ವೂಸ್ಟರ್‌ಗೆ, ಹೊಸ ಪೋಲಾರ್ ಪಾರ್ಕ್‌ಗೆ ಹೋಯಿತು. ಆಟ ನೋಡಬೇಕು ಅನ್ನುವವರು ಈಗ ಅಲ್ಲಿಗೇ ಹೋಗಬೇಕು. ಮೆಕಾಯ್ ಕೆಡವಿ ಆ ಜಾಗದಲ್ಲಿ ಹೈಸ್ಕೂಲು ಕಟ್ಟುತ್ತಿದ್ದಾರೆ. ಶಾಲೆ ಬರಲಿ, ಊರಿಗೆ ಅದು ಬೇಕು. ಅಲ್ಲಿ ಹಳೇ ಆಟದ ನೆನಪಿಗೆ ಒಂದು ಫಲಕ ಹಾಕುವುದಾದರೆ, ಬಾಗ್ಸ್, ರಿಪ್ಕೆನ್ ಹೆಸರಿಗಿಂತ ಮೇಲೆ ಕೋಜಾ ಹೆಸರಿರಬೇಕು.