ಅಮ್ಮನ ಬೆರಳಿಗೆ ಕಟ್ಟಿದ ಬೆಳಕು

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ರಾತ್ರಿ. ಅಮ್ಮ ನಡುಮನೆಯಲ್ಲಿ ರಂಗೋಲಿ ಬಟ್ಟಲು ಇಟ್ಟುಕೊಂಡು ಕೂತಿದ್ದಳು. "ಸ್ವಲ್ಪ ಹೊತ್ತು ಲೈಟ್ ಆರಿಸ್ತೀನಮ್ಮ" ಅಂದೆ.

"ಕತ್ತಲಲ್ಲಿ ಚುಕ್ಕಿ ಹೆಂಗೋ ಇಡ್ಲಿ?"

ದೇವರ ಮನೆಯ ದೀಪದ ಬೆಳಕು ಸಾಕು ಅಂದೆ. ಬಿಲ್ಲೆ ಬ್ಯಾಟರಿಗೆ ಸಿಕ್ಕಿಸಿದ ಪುಟ್ಟ ಎಲ್‌ಇಡಿಯನ್ನು ಅವಳ ತೋರುಬೆರಳ ಮೇಲೆ ಟೇಪಿನಿಂದ ಕಟ್ಟಿದೆ. ಅಮೆರಿಕದ ಫ್ರಾಂಕ್ ಮತ್ತು ಲಿಲಿಯನ್ ಗಿಲ್ಬ್ರೆತ್ ದಂಪತಿ 1910ರ ದಶಕದಲ್ಲಿ ಕೆಲಸಗಾರರ ಕೈಗೆ ಹೀಗೇ ಸಣ್ಣ ಬಲ್ಬು ಕಟ್ಟಿ, ಕ್ಯಾಮೆರಾದ ಶಟರ್ ತುಂಬ ಹೊತ್ತು ತೆರೆದಿಟ್ಟು ಫೋಟೊ ತೆಗೆಯುತ್ತಿದ್ದರು. ಕೈ ಓಡಾಡಿದ ದಾರಿಯೆಲ್ಲ ಬೆಳಕಿನ ಗೆರೆಯಾಗಿ ಮೂಡುತ್ತಿತ್ತು. ಕೈ ಎಲ್ಲೆಲ್ಲಿ ವ್ಯರ್ಥವಾಗಿ ಓಡಾಡುತ್ತದೆ ಎಂದು ಆ ಬೆಳಕಿನ ಗೆರೆಯಲ್ಲಿ ಹುಡುಕುವುದು ಅವರ ಉದ್ದೇಶ. ನನಗೆ ಬೇಕಿದ್ದದ್ದು ಅಮ್ಮನ ಕೈ ಮಾತ್ರ. ಅವಳ ರಂಗೋಲಿಯ ಎಷ್ಟೋ ಫೋಟೊ ನನ್ನ ಬಳಿ ಇವೆ, ಆ ಕೈ ಆಡುವ ಬಗೆ ಒಂದರಲ್ಲೂ ಇಲ್ಲ.

ಊಟದ ಮೇಜಿನ ಮೇಲೆ ಟ್ರೈಪಾಡ್ ನಿಲ್ಲಿಸಿ ಕ್ಯಾಮೆರಾವನ್ನು ನೆಲದ ಕಡೆ ಬಾಗಿಸಿದೆ. ಒಳಗೆ ಬೆಳಕು ನಿಧಾನವಾಗಿ ಸೇರಲೆಂದು ಬೆಳಕಿನ ಸೂಕ್ಷ್ಮತೆ (ಐಎಸ್‌ಒ) 100, ಲೆನ್ಸಿನ ಕಿಂಡಿ (ಅಪರ್ಚರ್) ಎಫ್ 11. ಲೈಟ್ ಇರುವಾಗಲೇ ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಹಾಕಿಟ್ಟೆ, ಕತ್ತಲಲ್ಲಿ ಲೆನ್ಸ್ ತಡಕಾಡುತ್ತದೆ. ಕ್ಯಾಮೆರಾ ತಾನಾಗಿ ಕೊಡುವ 30 ಸೆಕೆಂಡು ಸಾಲದ್ದರಿಂದ, ಗುಂಡಿ ಅದುಮಿರುವಷ್ಟು ಹೊತ್ತೂ ಶಟರ್ ತೆರೆದೇ ಇರುವ ಬಲ್ಬ್ ಮೋಡ್, ಗುಂಡಿ ಅದುಮಿ ಹಿಡಿಯಲು ವೈರಿನ ರಿಲೀಸ್.

ಮೊದಲ ಸಲ ಎಲ್‌ಇಡಿಯ ಪ್ರಖರತೆಗೆ ನೆಲವೆಲ್ಲ ಬೆಳ್ಳಗಾಯಿತು. ಅದರ ಮೇಲೆ ಕಪ್ಪು ಇನ್ಸುಲೇಶನ್ ಟೇಪ್ ಸುತ್ತಿ ಸೂಜಿಯಿಂದ ಒಂದೇ ತೂತು ಮಾಡಿದೆ. ಎರಡನೆಯ ಸಲ ಸೆಟ್‌ಟಾಪ್ ಬಾಕ್ಸಿನ ಕೆಂಪು ಚುಕ್ಕೆ ಗ್ರಾನೈಟ್ ನೆಲದಲ್ಲಿ ಹೊಳೆದು ಚಿತ್ರದ ಮೂಲೆಗೆ ರಕ್ತ ಬಳಿದಂತಿತ್ತು. ನಾವು ಗಮನಿಸದ ಬೆಳಕನ್ನೂ ಕ್ಯಾಮೆರಾದೊಳಗಿನ ಸೆನ್ಸರ್ ನಿಮಿಷಗಟ್ಟಲೆ ಕೂಡಿಡುತ್ತಾ ಹೋಗುತ್ತದೆ. ಎರಡು ಸಲವೂ ಅಮ್ಮ ಒರೆಸಿ ಮತ್ತೆ ಮೊದಲಿಂದ ಚುಕ್ಕಿ ಇಟ್ಟಳು, ಬೇಸರ ಮಾಡಿಕೊಳ್ಳಲಿಲ್ಲ.

ಮೂರನೆಯದಕ್ಕೆ 4 ನಿಮಿಷ ಹಿಡಿಯಿತು. ಇಷ್ಟು ಹೊತ್ತು ತೆಗೆದ ಚಿತ್ರದಲ್ಲಿ ಮೂಡುವ ಬೇಡದ ಚುಕ್ಕೆಗಳನ್ನು, ಅಂದರೆ ನಾಯ್ಸ್ ಕಳೆಯಲು ಕ್ಯಾಮೆರಾ ಶಟರ್ ಮುಚ್ಚಿಕೊಂಡು ಅಷ್ಟೇ ಹೊತ್ತು ಇನ್ನೊಂದು ಕಪ್ಪು ಚಿತ್ರ ತೆಗೆಯುತ್ತದೆ. ಆ 4 ನಿಮಿಷ ನಾವಿಬ್ಬರೂ ಕತ್ತಲಲ್ಲೇ ಕೂತಿದ್ದೆವು. ಅಮ್ಮನ ಬೆರಳಲ್ಲಿ ಮಿಣುಕು.

ಪರದೆಯ ಮೇಲೆ ಚಿತ್ರ ಬಂದಾಗ ನನಗೆ ಮಾತು ಹೊರಡಲಿಲ್ಲ. ಅಮ್ಮ ಇರಲಿಲ್ಲ, ಅವಳ ಜಾಗದಲ್ಲಿ ಮಬ್ಬು ನೆರಳು. ಚುಕ್ಕಿ ಇಡಲು ಬೆರಳು ಅರೆಗಳಿಗೆ ನಿಂತಲ್ಲೆಲ್ಲ ಬೆಳಕು ಮಣಿಯಂತೆ ದಪ್ಪ. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಹಾರಿದ ಕಡೆ ಕೂದಲೆಳೆಯಷ್ಟು ತೆಳು ಕಮಾನು. ನೆಲದ ಮೇಲಿನ ರಂಗೋಲಿಯಲ್ಲಿ ಇವು ಯಾವುವೂ ಇಲ್ಲ. ಬಲಗಡೆ ಬಟ್ಟಲಿನತ್ತ ಹೋಗಿಬಂದ ಗೆರೆಗಳು ಒಂದರ ಮೇಲೊಂದು ಬಿದ್ದು ಜಡೆ ಹೆಣೆದಂತಿದ್ದವು. ಒಂದು ಗೆರೆ ಮಾತ್ರ ಮೇಲಕ್ಕೆದ್ದು ವಾಪಸ್ಸು ಬಂದಿತ್ತು, ಹಣೆಗೆ ಬಿದ್ದ ಕೂದಲು ಸರಿಸಿಕೊಂಡದ್ದು.

ಅಮ್ಮ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿದಳು. "ಇಷ್ಟು ಸಲ ಬಟ್ಟಲಿಗೆ ಕೈ ಹಾಕ್ತೀನಾ?"

"ಬಟ್ಟಲು ಹತ್ರ ಇಟ್ಕೊಂಡ್ರೆ ಕೈ ನೋಯಲ್ಲಮ್ಮ."

"ಬೇಡಪ್ಪ. ಕೈ ಅಲ್ಲಿಗೆ ಹೋಗಿ ಬರೋದ್ರೊಳಗೆ ಮುಂದಿನ ಗೆರೆ ಎಲ್ಲಿಗೆ ಅಂತ ನೋಡ್ಕೋತೀನಿ." ಬೆರಳಿನ ಟೇಪನ್ನು ಅವಳಿನ್ನೂ ಬಿಚ್ಚಿರಲಿಲ್ಲ. "ನಾಳೆ ಬಾಗಿಲಿಗೆ 15 ಚುಕ್ಕಿದು ಹಾಕ್ತೀನಿ. ಅಷ್ಟು ಹೊತ್ತು ತಡೆಯುತ್ತಾ ನಿನ್ನ ಕ್ಯಾಮೆರಾ?"