ಡ್ರಿಲ್ ಮೇಷ್ಟ್ರ ಬೂದುಗುಂಬಳಕಾಯಿ

ಹೋದ ಶ್ರಾವಣದಲ್ಲಿ ನಮ್ಮ ಡ್ರಿಲ್ ಮೇಷ್ಟ್ರು ತೀರಿಕೊಂಡರು. 84 ವರ್ಷ ಆಗಿತ್ತು. ನಮ್ಮ 1981ರ ಎಸ್ಸೆಸ್ಸೆಲ್ಸಿ ಬ್ಯಾಚಿನ ವಾಟ್ಸಾಪ್ ಗುಂಪಿನಲ್ಲಿ ಬೆಳಗಿನ ಜಾವವೇ ಸುದ್ದಿ ಬಂತು. ಒಬ್ಬೊಬ್ಬರೂ ಕೈಮುಗಿದ ಚಿತ್ರ ಹಾಕಿದರು. ಆಮೇಲೆ ಯಾರೋ ಒಬ್ಬರು, "ಎರಿಕ್ ಲಿಡೆಲ್ ಕಥೆ ಹೇಳ್ತಿದ್ರಲ್ಲ, ನೆನಪಿದೆಯಾ?" ಅಂತ ಬರೆದರು. ಅಲ್ಲಿಂದ ಮಧ್ಯಾಹ್ನದವರೆಗೆ ಯಾರೂ ಫೋನ್ ಕೆಳಗಿಡಲಿಲ್ಲ.

ಬೀಜಗಣಿತ, ರಸಾಯನಶಾಸ್ತ್ರದ ಸಮೀಕರಣ, ಯಾವುದೂ ನನಗೆ ಈಗ ನೆನಪಿಲ್ಲ. ಆದರೆ ಬಳ್ಳಾರಿಯ ಮಾರ್ಚ್ ಬಿಸಿಲಲ್ಲಿ ಶಾಲೆಯ ಹಿಂದಿನ ಬೇವಿನ ಮರದ ಕೆಳಗೆ ಕೂತು ಕೇಳಿದ ಸ್ಕಾಟ್ಲೆಂಡಿನ ಆ ರಗ್ಬಿ ಆಟಗಾರನ ಕಥೆ ಒಂದಕ್ಷರ ಮರೆತಿಲ್ಲ. ಆ ಬಿಸಿಲಲ್ಲಿ ಮೈದಾನಕ್ಕೆ ಕಾಲಿಡೋಕೆ ಆಗ್ತಿರಲಿಲ್ಲ. ಹಾಗಾಗಿ ಡ್ರಿಲ್ ಪೀರಿಯಡ್ ಅಂದರೆ ಕಥೆ ಪೀರಿಯಡ್. ಮೇಷ್ಟ್ರು ಕ್ಯಾನ್ವಾಸ್ ಶೂಗೆ ಸೀಮೆಸುಣ್ಣ ಹಚ್ಚಿ ಬೆಳ್ಳಗೆ ಮಾಡಿಕೊಂಡು ಬರೋರು. ಶೂ ಲೇಸಿಗೆ ಕಟ್ಟಿದ ಸೀಟಿ ಕೊರಳಲ್ಲಿ. ಮರಕ್ಕೆ ಒರಗಿ ನಿಂತು, ಕೋಲಿನಿಂದ ಕೆಂಪು ಮಣ್ಣಲ್ಲಿ ಗೆರೆ ಎಳೆದು ಶುರು ಮಾಡೋರು.

ಅವರು ಕಲಿತದ್ದು ಮದರಾಸಿನ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜಿನಲ್ಲಿ. ಅದನ್ನು 1920ರಲ್ಲಿ ಕಟ್ಟಿದ ಹ್ಯಾರಿ ಕ್ರೋ ಬಕ್ ಅವರು 1924ರ ಪ್ಯಾರಿಸ್ ಒಲಿಂಪಿಕ್ಸ್‌ಗೆ ಭಾರತ ತಂಡದ ಜೊತೆ ಹೋಗಿದ್ದವರು. ಲಿಡೆಲ್ ಓಟದಲ್ಲಿ ಚಿನ್ನ ಗೆದ್ದದ್ದು ಅದೇ ಒಲಿಂಪಿಕ್ಸ್‌ನಲ್ಲಿ. ಈ ಕಥೆಯನ್ನು ಕಾಲೇಜಿನ ಹಿರಿಯರ ಬಾಯಲ್ಲೇ ಕೇಳಿದ್ದು ಅಂತ ಮೇಷ್ಟ್ರು ಹೆಮ್ಮೆಯಿಂದ ಹೇಳೋರು.

ನಮಗೆ ರಗ್ಬಿ ಅಂದರೆ ಏನೂ ಗೊತ್ತಿರಲಿಲ್ಲ. "ಒಂದು ಕಡೆ ಹದಿನೈದು ಮಂದಿ. ಚೆಂಡು ಮೊಟ್ಟಿ ಇದ್ದಂಗ. ಕೈಯಾಗ ಹಿಡ್ಕೊಂಡು ಓಡಬಹುದು, ಒದೀಬಹುದು. ಆದ್ರ ಕೈಯಿಂದ ಮುಂದಕ ಎಸೆಯೋ ಹಂಗಿಲ್ಲ. ಹಿಂದ ಬರೋನಿಗೇ ಕೊಡಬೇಕು." ಇಷ್ಟು ಹೇಳಿ, ಗೆರೆಯ ತೀರಾ ಅಂಚಿನಲ್ಲಿ ಒಂದು ಕಲ್ಲು ಇಟ್ಟರು. ಅದು ಲಿಡೆಲ್. ಅಂಚಲ್ಲಿ ಓಡೋನಿಗೆ ವಿಂಗ್ ಅಂತಾರೆ. ತಂಡದಲ್ಲಿ ಎಲ್ಲರಿಗಿಂತ ಜೋರಾಗಿ ಓಡೋನನ್ನೇ ಅಲ್ಲಿ ನಿಲ್ಲಿಸೋದು. ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಒತ್ತಿದರೆ ಅದು ಟ್ರೈ. ಆಗ ಅದಕ್ಕೆ 3 ಅಂಕ.

ಲಿಡೆಲ್ ಹುಟ್ಟಿದ್ದು 1902ರಲ್ಲಿ, ಚೀನಾದ ತಿಯೆನ್‌ತ್ಸಿನ್ ಊರಲ್ಲಿ. ಅಪ್ಪ ಅಮ್ಮ ಲಂಡನ್ ಮಿಷನ್ನಿನವರು, ಅಂದರೆ ಕ್ರೈಸ್ತ ಧರ್ಮಪ್ರಚಾರಕರು. ಇಲ್ಲಿ ನಮಗೆ ಕಿವಿ ನೆಟ್ಟಗಾಯಿತು. ಲಂಡನ್ ಮಿಷನ್ ಬಳ್ಳಾರಿಯವರಿಗೆ ಹೊಸ ಹೆಸರಲ್ಲ. ಜಾನ್ ಹ್ಯಾಂಡ್ಸ್ 1810ರಲ್ಲೇ ನಮ್ಮೂರಿಗೆ ಬಂದು ಕನ್ನಡ ಕಲಿತವರು. ಕನ್ನಡ-ಇಂಗ್ಲಿಷ್ ನಿಘಂಟು ಮಾಡಿದ ರೀವ್ ಕೂಡ ಅದೇ ಮಿಷನ್ನಿನಿಂದ ಇಲ್ಲಿಗೆ ಬಂದಿದ್ದವರು. ಈ ವಿಷಯ ನಮ್ಮ ಕನ್ನಡ ಪಂಡಿತರು ಮೊದಲೇ ಹೇಳಿದ್ದರು. ಪಂಡಿತರೂ ಡ್ರಿಲ್ ಮೇಷ್ಟ್ರೂ ದಿನಾ ಒಂದೇ ಸ್ಟೂಲಿನ ಮೇಲೆ ಟೀ ಗ್ಲಾಸು ಇಟ್ಕೊಂಡು ಮಾತಾಡೋರು. ಒಬ್ಬರು ಬಿಟ್ಟ ಕಥೆಯನ್ನು ಇನ್ನೊಬ್ಬರು ಮುಂದುವರಿಸೋರು.

ಲಿಡೆಲ್ ಓದೋಕೆ ಇಂಗ್ಲೆಂಡಿಗೆ ಬಂದು, 1920ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯಕ್ಕೆ ವಿಜ್ಞಾನ ಓದೋಕೆ ಸೇರಿದರು. ಎರಡೇ ವರ್ಷದಲ್ಲಿ ಸ್ಕಾಟ್ಲೆಂಡ್ ತಂಡಕ್ಕೆ ಕರೆ ಬಂತು. ಮೊದಲ ಪಂದ್ಯ 1922ರ ಜನವರಿ 2ರಂದು, ಪ್ಯಾರಿಸ್ ಹತ್ತಿರದ ಕೊಲೊಂಬ್ ಕ್ರೀಡಾಂಗಣದಲ್ಲಿ, ಫ್ರಾನ್ಸ್ ವಿರುದ್ಧ. 3-3 ಡ್ರಾ. ಮುಂದೆ ಒಲಿಂಪಿಕ್ಸ್‌ನಲ್ಲಿ ಅವರು ಚಿನ್ನ ಗೆದ್ದದ್ದೂ ಅದೇ ಕೊಲೊಂಬ್‌ನಲ್ಲಿ. ಸ್ಕಾಟ್ಲೆಂಡ್ ಪರ ಆಡಿದ್ದು 1922 ಮತ್ತು 1923, ಈ ಎರಡೇ ವರ್ಷ. ಒಟ್ಟು 7 ಪಂದ್ಯ. ಒಳಗೆ ಸೆಂಟರ್ ಜಾಗದಲ್ಲಿ ಲೆಸ್ಲಿ ಗ್ರೇಸಿ, ಅಂಚಿನಲ್ಲಿ ಲಿಡೆಲ್. 1923ರಲ್ಲಿ ಫ್ರಾನ್ಸ್, ವೇಲ್ಸ್, ಐರ್ಲೆಂಡ್ ಮೂರನ್ನೂ ಸೋಲಿಸಿದರು. ಕಾರ್ಡಿಫ್‌ಗೇ ಹೋಗಿ ವೇಲ್ಸ್ ತಂಡವನ್ನು 11-8ರಿಂದ ಸೋಲಿಸಿದ್ದು ಆಗಿನ ಕಾಲಕ್ಕೆ ದೊಡ್ಡ ಸುದ್ದಿ. ಕೊನೆಗೆ ಎಡಿನ್‌ಬರೋದಲ್ಲಿ ಇಂಗ್ಲೆಂಡ್ ಎದುರು 6-8ರಲ್ಲಿ ಸೋತರು. ಅದೇ ಲಿಡೆಲ್ ಅವರ ಕೊನೆಯ ಅಂತಾರಾಷ್ಟ್ರೀಯ ಪಂದ್ಯ.

ಆ ಪಂದ್ಯದ ಕಪ್ಪಿನ ಹೆಸರು ಕಲ್ಕತ್ತಾ ಕಪ್. ಕಲ್ಕತ್ತಾದಲ್ಲಿ ಬ್ರಿಟಿಷರ ಒಂದು ರಗ್ಬಿ ಕ್ಲಬ್ ಇತ್ತು. ಅದು ಮುಚ್ಚುವಾಗ ಬ್ಯಾಂಕಿನಲ್ಲಿದ್ದ ದುಡ್ಡನ್ನೆಲ್ಲ ಬೆಳ್ಳಿ ರೂಪಾಯಿಯಾಗಿ ತೆಗೆದು, ಕರಗಿಸಿ ಈ ಕಪ್ ಮಾಡಿಸಿದರು. ಹಿಡಿಕೆಗಳು ಮೂರು ನಾಗರಹಾವು, ಮುಚ್ಚಳದ ಮೇಲೆ ಆನೆ. 1879ರಿಂದ ಇಂಗ್ಲೆಂಡೂ ಸ್ಕಾಟ್ಲೆಂಡೂ ಅದಕ್ಕಾಗಿ ಆಡುತ್ತಿವೆ. "ನಮ್ಮ ರೂಪಾಯಿಗೆ ಅವ್ರು ಬಡಿದಾಡ್ತಾರ ನೋಡ್ರಲೇ" ಅಂತ ಮೇಷ್ಟ್ರು ಅಂದಾಗ ಇಡೀ ಕ್ಲಾಸು ಚಪ್ಪಾಳೆ ಹೊಡೆದಿತ್ತು.

ಅಲ್ಲಿಂದ ಮುಂದೆ ಲಿಡೆಲ್ ರಗ್ಬಿ ಬಿಟ್ಟು ಓಟಕ್ಕೇ ನಿಂತರು. 1923ರ ಜುಲೈನಲ್ಲಿ ಸ್ಟೋಕ್‌ನಲ್ಲಿ 440 ಗಜದ ಓಟ. ಶುರುವಿನಲ್ಲೇ ಯಾರೋ ತಾಗಿ ಬಿದ್ದರು. ಎದ್ದಾಗ ಉಳಿದವರು ಸುಮಾರು 20 ಗಜ ಮುಂದಿದ್ದರು. ಅವರನ್ನೆಲ್ಲ ಹಿಂದೆ ಹಾಕಿ ಗೆದ್ದರು. ಈ ಜಾಗಕ್ಕೆ ಬಂದಾಗ ಮೇಷ್ಟ್ರಿಗೆ ಬಿಸಿಲಿನ ಗೊಡವೆ ಇರುತ್ತಿರಲಿಲ್ಲ. ಲಿಡೆಲ್ ಓಡೋ ಥರಾನೇ ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದು, ಕೈ ಬೀಸುತ್ತಾ ಮೈದಾನದ ಆ ತುದಿಗೆ ಓಡಿ ವಾಪಸ್ ಬರೋರು. ಆ ಓಟ ನೋಡಿಯೇ ನಾನು ಓಟಗಾರನಾದೆ. ಆ ವರ್ಷ ನಮ್ಮ ಶಾಲೆಯಿಂದ 400 ಮೀಟರ್ ಓಟಕ್ಕೆ ಜಿಲ್ಲಾ ಮಟ್ಟದವರೆಗೆ ಹೋದವನು ನಾನೊಬ್ಬನೇ. ಆ ಪ್ರಮಾಣಪತ್ರ ಇವತ್ತಿಗೂ ನನ್ನ ಮನೆಯ ಗೋಡೆ ಮೇಲಿದೆ.

ಪ್ಯಾರಿಸ್ ಕಥೆ ಬಹಳ ಜನರಿಗೆ ಗೊತ್ತಿರಬಹುದು. ಲಿಡೆಲ್ ಅವರ ಮುಖ್ಯ ಓಟ 100 ಮೀಟರ್. ಅದರ ಹೀಟ್ಸ್, ಅಂದರೆ ಮೊದಲ ಸುತ್ತಿನ ಓಟ, ಭಾನುವಾರ ಬಿತ್ತು. ಭಾನುವಾರ ದೇವರ ದಿನ, ಓಡಲ್ಲ ಅಂದರು. ಇದನ್ನು ತಿಂಗಳುಗಟ್ಟಲೆ ಮೊದಲೇ ಹೇಳಿ, 400 ಮೀಟರ್‌ಗೆ ಅಭ್ಯಾಸ ಮಾಡಿದರು. ಆ ಭಾನುವಾರ ಪ್ಯಾರಿಸ್‌ನ ಸ್ಕಾಟಿಷ್ ಚರ್ಚಿನಲ್ಲಿ ಪ್ರವಚನ ಕೊಟ್ಟರು. ಜುಲೈ 11ರಂದು 400 ಮೀಟರ್ ಫೈನಲ್. ಸಿಕ್ಕಿದ್ದು ಹೊರಗಿನ ಲೇನು. ಅಲ್ಲಿ ಓಡೋನಿಗೆ ಬೇರೆ ಯಾರೂ ಕಾಣಲ್ಲ. ಮೊದಲ 200 ಮೀಟರನ್ನೇ 22.2 ಸೆಕೆಂಡಿನಲ್ಲಿ ಓಡಿ, ಒಟ್ಟು 47.6 ಸೆಕೆಂಡಿನಲ್ಲಿ ಮುಗಿಸಿದರು. ಚಿನ್ನ. ಎರಡು ದಿನ ಮೊದಲು 200 ಮೀಟರಿನಲ್ಲಿ ಕಂಚೂ ಬಂದಿತ್ತು.

ನನಗೆ ಮಾತ್ರ ಈ ಭಾನುವಾರದ ಹಟ ಅರ್ಥವೇ ಆಗಲಿಲ್ಲ. "ಒಂದು ಭಾನುವಾರ ಓಡಿದ್ರೆ ಏನಾಗ್ತಿತ್ತು ಸಾರ್?" ಅಂತ ಎದ್ದು ನಿಂತು ಕೇಳಿಬಿಟ್ಟೆ. ಮೇಷ್ಟ್ರು ಬೈಯಲಿಲ್ಲ. "ಕಥಿ ಇನ್ನೂ ಐತಿ, ಕೂತ್ಕೋ" ಅಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು. ಪರೀಕ್ಷೆ ಬಂತು, ರಜೆ ಬಂತು. ಉಳಿದ ಕಥೆ ಹಾಗೇ ಉಳಿಯಿತು.

ಆಮೇಲೆ ಹತ್ತನೇ ಕ್ಲಾಸಿನ ದಸರಾ. ರಜೆಗೆ ಮುಂಚಿನ ದಿನ ಶಾಲೆಯಲ್ಲಿ ಆಯುಧಪೂಜೆ. ಆಟದ ಸಾಮಾನಿನ ಕೋಣೆಯಲ್ಲಿ ಮೇಷ್ಟ್ರು ಒಂದು ಬೂದುಗುಂಬಳಕಾಯಿ ತಂದಿಟ್ಟಿದ್ದರು. ಸಣ್ಣದು, ಉದ್ದುದ್ದಕ್ಕೆ, ಎರಡೂ ತುದಿ ಸ್ವಲ್ಪ ಚೂಪು. ಅದನ್ನು ನೋಡಿದ ಕೂಡಲೇ ನನಗೆ ಮೇಷ್ಟ್ರು ಹೇಳಿದ್ದ ಮೊಟ್ಟೆಯಂಥ ರಗ್ಬಿ ಚೆಂಡು ನೆನಪಾಯಿತು. ಊಟದ ಬಿಡುವಿನಲ್ಲಿ ಕಿಟಕಿಯಿಂದ ಕೈ ಹಾಕಿ ತೆಗೆದವನು ನಾನೇ. ಇದನ್ನು ಇಲ್ಲಿವರೆಗೆ ಎಲ್ಲೂ ಹೇಳಿರಲಿಲ್ಲ. ಎ ಸೆಕ್ಷನ್ ಸ್ಕಾಟ್ಲೆಂಡ್, ಬಿ ಸೆಕ್ಷನ್ ಇಂಗ್ಲೆಂಡ್. ಕಾಯಿಯ ಬೂದಿ ಅಂಗಿಗೆಲ್ಲ ಮೆತ್ತಿಕೊಂಡಿತ್ತು. ಹಿಂದಕ್ಕೇ ಎಸೆಯುತ್ತಾ, ಬೀಳುತ್ತಾ, ಏಳುತ್ತಾ ಹತ್ತು ನಿಮಿಷ ಆಡಿದೆವು. ಕೊನೆಗೆ ನಾನು ಅಂಚಿನಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಓಡಿ, ಗೆರೆ ದಾಟಿ, ಕಾಯಿ ಹಿಡಿದು ನೆಲಕ್ಕೆ ಬಿದ್ದೆ. ಟ್ರೈ! ಕಾಯಿ ಎರಡು ಹೋಳಾಯಿತು. ತಿರುಳು ಮೈದಾನವೆಲ್ಲ ಹರಡಿತು.

ಮಧ್ಯಾಹ್ನ ಹೆಡ್‌ಮಾಸ್ಟರು ಸಾಲಾಗಿ ನಿಲ್ಲಿಸಿ ಯಾರು ತೆಗೆದದ್ದು ಅಂತ ಕೇಳಿದರು. ನಾನು ಬಾಯಿ ಬಿಡಲಿಲ್ಲ. ಯಾರೂ ಬಿಡಲಿಲ್ಲ. ಪೂಜೆಯ ವಸ್ತು, ಅಪಚಾರ ಆಯಿತು ಅಂತ ಹೆಡ್‌ಮಾಸ್ಟರು ಬೆತ್ತ ತರಿಸಿದರು. ಆಗ ಡ್ರಿಲ್ ಮೇಷ್ಟ್ರು ಮುಂದೆ ಬಂದು, "ಇವ್ರನ್ನ ನನಗ ಬಿಡ್ರಿ ಸಾರ್" ಅಂದರು. ಸೈಕಲ್ ಹತ್ತಿ ಮಾರ್ಕೆಟ್ಟಿಗೆ ಹೋಗಿ ತಮ್ಮ ದುಡ್ಡಲ್ಲೇ ಇನ್ನೊಂದು ಕಾಯಿ ತಂದರು. ಪೂಜೆ ಆಯಿತು. ಮಂಡಕ್ಕಿ ಹಂಚಿದರು. ಆಮೇಲೆ ನಮ್ಮನ್ನೆಲ್ಲ ಬೇವಿನ ಮರದ ಕೆಳಗೆ ಕೂರಿಸಿ ಉಳಿದ ಕಥೆ ಹೇಳಿದರು.

ಚಿನ್ನ ಗೆದ್ದ ಮರುವರ್ಷ, 1925ರಲ್ಲಿ, ಲಿಡೆಲ್ ಚೀನಾಕ್ಕೆ ಹೋದರು. ತಿಯೆನ್‌ತ್ಸಿನ್‌ನ ಆಂಗ್ಲೋ-ಚೈನೀಸ್ ಕಾಲೇಜಿನಲ್ಲಿ ವಿಜ್ಞಾನದ ಮೇಷ್ಟ್ರು, ಜೊತೆಗೆ ಆಟದ ಮೇಷ್ಟ್ರು. ಆಮೇಲೆ ಚೀನಾ-ಜಪಾನ್ ಯುದ್ಧದ ನಡುವೆಯೇ ಹಳ್ಳಿಗಳಲ್ಲಿ ಕೆಲಸ. 1941ರಲ್ಲಿ ಬಸುರಿ ಹೆಂಡತಿಯನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಕೆನಡಾಕ್ಕೆ ಕಳಿಸಿದರು. ಮೂರನೇ ಮಗಳ ಮುಖವನ್ನು ಅವರು ನೋಡಲೇ ಇಲ್ಲ. 1943ರಲ್ಲಿ ಜಪಾನಿಯರು ಅವರನ್ನು ವೈಹ್ಸಿಯೆನ್ ಬಂಧನ ಶಿಬಿರಕ್ಕೆ ಹಾಕಿದರು. ಅಲ್ಲಿ ಅಪ್ಪ ಅಮ್ಮನಿಂದ ದೂರವಾದ ಶಾಲಾ ಮಕ್ಕಳು ಬಹಳ ಇದ್ದರು. ಆ ಮಕ್ಕಳಿಗೆ ಇವರು ಎರಿಕ್ ಅಂಕಲ್. ಪುಸ್ತಕ ಇಲ್ಲದೆ ವಿಜ್ಞಾನ ಕಲಿಸಿದರು. ಮುರಿದ ಹಾಕಿ ಕೋಲುಗಳನ್ನು ಕಟ್ಟೋಕೆ ತಮ್ಮ ಹಾಸಿಗೆಯ ಬಟ್ಟೆ ಹರಿದು ಕೊಟ್ಟರು.

ಭಾನುವಾರ ಆಟ ಬೇಡ ಅಂತ ಅಲ್ಲೂ ಹೇಳಿದ್ದರು. ಆದರೂ ಮಕ್ಕಳು ಒಂದು ಭಾನುವಾರ ತಾವೇ ಹಾಕಿ ಆಡೋಕೆ ಇಳಿದರು. ರೆಫರಿ ಇಲ್ಲ. ಆಟ ಹೋಗಿ ಹೊಡೆದಾಟ ಆಯಿತು. ಮುಂದಿನ ಭಾನುವಾರ ಮೈದಾನದಲ್ಲಿ ರೆಫರಿಯಾಗಿ ನಿಂತಿದ್ದವರು ಲಿಡೆಲ್.

ಮೇಷ್ಟ್ರು ಇಲ್ಲಿ ನಿಲ್ಲಿಸಿ ನನ್ನ ಕಡೆ ನೋಡಿದರು. "ಒಲಿಂಪಿಕ್ಸ್‌ಗ ಬಿಡದವ, ಹುಡುಗರಿಗೋಸ್ಕರ ಬಿಟ್ಟ. ಅಂವ ನಮ್ಮ ಕಸುಬಿನವ ಕಣ್ರಲೇ, ಮೇಷ್ಟ್ರು" ಅಂದರು. ಕಾಯಿಯ ವಿಷಯ ಒಂದೇ ಒಂದು ಮಾತು ಎತ್ತಲಿಲ್ಲ.

ಆ ಶಿಬಿರದಲ್ಲಿ ಸ್ಟೀಫನ್ ಮೆಟ್ಕಾಫ್ ಅಂತ ಒಬ್ಬ ಹುಡುಗ ಇದ್ದ. ಚಳಿಯಲ್ಲಿ ಅವನ ಕಾಲಿಗೆ ಏನೂ ಸರಿಯಾದದ್ದು ಇರಲಿಲ್ಲ. ಲಿಡೆಲ್ ತಮ್ಮ ಹಳೆಯ ಓಟದ ಶೂಗಳನ್ನು ತೇಪೆ ಹಾಕಿ ಅವನಿಗೆ ಕೊಟ್ಟರು. ಅದಾಗಿ ಕೆಲವೇ ವಾರಕ್ಕೆ, 1945ರ ಫೆಬ್ರವರಿ 21ರಂದು, ಮಿದುಳಿನ ಗೆಡ್ಡೆಯಿಂದ ತೀರಿಕೊಂಡರು. 43 ವರ್ಷ. ಇನ್ನು ಆರು ತಿಂಗಳಿಗೆ ಶಿಬಿರ ಬಿಡುಗಡೆಯಾಯಿತು. ಶೂಗಳ ಮಾತು ಹೇಳುವಾಗ ಮೇಷ್ಟ್ರು ತಮ್ಮ ಸೀಮೆಸುಣ್ಣದ ಶೂ ನೋಡಿಕೊಳ್ಳುತ್ತಿದ್ದರು. ಅವರ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಈಗಿನ ಶಾಲೆಗಳನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ನನ್ನ ಅಣ್ಣನ ಮೊಮ್ಮಗನ ಟೈಮ್‌ಟೇಬಲಿನಲ್ಲಿ ವಾರಕ್ಕೆ ಎರಡು ಪಿ.ಟಿ. ಪೀರಿಯಡ್ ಇದೆ. ಎರಡನ್ನೂ ಗಣಿತದವರು ತಗೋತಾರಂತೆ, ಸಿಲಬಸ್ ಮುಗಿದಿಲ್ಲ ಅಂತ. ಮೈದಾನದಲ್ಲಿ ಸ್ಕೂಲ್ ವ್ಯಾನ್ ನಿಲ್ಲುತ್ತವೆ. ಆ ಹುಡುಗನಿಗೆ ಬೀಳೋಕೆ ಒಂದು ಮಣ್ಣಿನ ಜಾಗ ಬೇಡವಾ? ನಮ್ಮ ಕಾಲದಲ್ಲಿ ಗಣಿತದ ಮೇಷ್ಟ್ರು ಒಂದು ಸಲ ಪೀರಿಯಡ್ ಕೇಳೋಕೆ ಬಂದಿದ್ದರು. ಡ್ರಿಲ್ ಮೇಷ್ಟ್ರು ಅವರನ್ನೂ ಮರದ ಕೆಳಗೆ ಕೂರಿಸಿ ಕಥೆ ಕೇಳಿಸಿ ಕಳಿಸಿದರು.

2004ರಲ್ಲಿ ಕೆಲಸದ ಮೇಲೆ ನಾನು ಎಡಿನ್‌ಬರೋಗೆ ಹೋದೆ. ನಮ್ಮ ಬ್ಯಾಚಿನಲ್ಲಿ ಅಷ್ಟು ದೂರ ಹೋದವರಲ್ಲಿ ನಾನೇ ಮೊದಲಿಗ. ಮೊದಲ ಶನಿವಾರವೇ ಹುಡುಕಿಕೊಂಡು ಹೊರಟೆ. ಎಲ್ಲರೂ ಮರ್ರಿಫೀಲ್ಡ್ ಕ್ರೀಡಾಂಗಣ ತೋರಿಸಿದರು. ಆದರೆ ಅದು ಶುರುವಾದದ್ದು 1925ರಲ್ಲಿ. ಲಿಡೆಲ್ ಅಲ್ಲಿ ಸ್ಕಾಟ್ಲೆಂಡ್ ಪರ ಒಂದು ಪಂದ್ಯವನ್ನೂ ಆಡಿಲ್ಲ. ಅವರು ಆಡಿದ್ದು ಇನ್ವರ್ಲೀತ್‌ನಲ್ಲಿ. ಈಗಲೂ ಅಲ್ಲಿ ಕ್ಲಬ್ ರಗ್ಬಿ ನಡೆಯುತ್ತದೆ. ಅಂಚಿನ ಗೆರೆಯ ಪಕ್ಕ ಸುಮ್ನೆ ಬಹಳ ಹೊತ್ತು ನಿಂತಿದ್ದೆ. ಅಲ್ಲಿಂದ ಮಾರ್ನಿಂಗ್‌ಸೈಡ್ ಕಡೆ ಹೋದೆ. ಲಿಡೆಲ್ ಹೆಸರಿನ ಕೇಂದ್ರ ಇರುವುದು ಅಲ್ಲೇ, ಒಂದು ಹಳೆಯ ಚರ್ಚಿನ ಕಟ್ಟಡದಲ್ಲಿ. ಮರೆವಿನ ಕಾಯಿಲೆಯ ಹಿರಿಯರನ್ನು ಹಗಲು ಹೊತ್ತು ನೋಡಿಕೊಳ್ಳುತ್ತಾರೆ. ಹೊರಗಿನ ಫೋನ್ ಬೂತಿನಿಂದ ಮೇಷ್ಟ್ರಿಗೆ ಫೋನ್ ಮಾಡಿದೆ. "ಹುಲ್ಲು ಹೆಂಗೈತಿ?" ಅಂತ ಮೊದಲು ಕೇಳಿದ್ದು ಅದನ್ನೇ.

ಊರಿಗೆ ಬರುವಾಗ ಅವರಿಗೆ ಒಂದು ರಗ್ಬಿ ಚೆಂಡು ತಂದೆ. ಆಗ ಅವರು ನಿವೃತ್ತಿಯಾಗಿ ಕೆಲವು ವರ್ಷ ಆಗಿತ್ತು. ಮನೆಯ ಕಟ್ಟೆ ಮೇಲೆ ಕೂತಿದ್ದರು. ಚೆಂಡನ್ನು ತೊಡೆ ಮೇಲೆ ಇಟ್ಟುಕೊಂಡು, ಎರಡೂ ತುದಿ ಸವರಿ, ಕೈಯಲ್ಲಿ ತೂಗಿ ನೋಡಿದರು. ಆಮೇಲೆ ನನ್ನ ಮುಖ ನೋಡಿ ಅಂದರು:

"ಕುಂಬಳಕಾಯಿಗಿಂತ ಹಗುರ ಐತಲ್ಲೋ."

ಇಪ್ಪತ್ತನಾಲ್ಕು ವರ್ಷ. ಅಷ್ಟೂ ದಿನ ಅವರಿಗೆ ಗೊತ್ತಿತ್ತು. ನಾನು ಅವರ ಕಾಲು ಹಿಡಿದೆ. ಅವರು ನನ್ನ ತಲೆ ಮೇಲೆ ಚೆಂಡು ಒತ್ತಿ ನಕ್ಕರು.

ಆ ಚೆಂಡನ್ನು ಮೇಷ್ಟ್ರ ಮಗ ಈ ವರ್ಷ ನಮ್ಮ ಶಾಲೆಗೆ ಕೊಟ್ಟಿದ್ದಾರೆ. ಆಟದ ಸಾಮಾನಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಕಪಾಟಿನಲ್ಲಿದೆ. ಹೋದ ತಿಂಗಳು ಒತ್ತಿ ನೋಡಿದೆ, ಗಾಳಿ ಕಡಿಮೆಯಾಗಿದೆ. ಇದನ್ನು ಓದುವ ಹುಡುಗ ಹುಡುಗಿಯರು ಯಾರಾದರೂ ನಿಮ್ಮ ಪಿ.ಟಿ. ಸರ್‌ಗೆ ಹೇಳಿ ಪಂಪ್ ಹೊಡೆಸಿಕೊಳ್ಳಿ.